ಮನೆ ನೋಡಿ ಬಂದ ಮೇಲೆ

ಹೊಳೆನರಸೀಪುರ
೨೫-೧೧-೨೦೦೧, ಭಾನುವಾರ

ಚಿ. ಇಂಚರಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಮುನಿಸಿಕೊಳ್ಳಬೇಡ. ಕಾರ್ತಿಕ ಮಾಸ, ಬಂದು ಹೋಗುವವರು, ಮಂಡಿನೋವು ಅಂತ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಹೇಗೆ ಬರೆಯುವುದು ಅಂತಲೇ ತೋಚಲಿಲ್ಲ. ನಿನಗೊಂದು ಸಂಬಂಧ ಬಂದಿದೆ. ನಿಮ್ಮಪ್ಪನಿಗೆ ಪೂರ್ತಿ ಒಪ್ಪಿಗೆ. ನನಗೆ ಭಯ. ಅವರ ಬಾಯಲ್ಲಿ ಕೇಳುವ ಮೊದಲು ನನ್ನಿಂದ ಕೇಳಿಬಿಡು.

ಊರಲ್ಲಿ ನಿನ್ನ ಓದಿನ ಮಾತು ಇನ್ನೂ ನಿಂತಿಲ್ಲ. ಎದುರುಮನೆ ಪರಮಶಿವಯ್ಯನವರು ಕಂಡಾಗಲೆಲ್ಲ, “ಮಗಳು ಬಂದಾಗ ಹೇಳಿ ಅಂಬುಜಮ್ಮ, ನನ್ನ ತಲೆ ಒಳಗೇನಿದೆ ನೋಡ್ಲಿ” ಅಂತ ನಗುತ್ತಾರೆ. ಏನೂ ಇರಲಾರದು ಬಿಡಿ ಅಂತ ಮೊನ್ನೆ ಹೇಳಿಯೇಬಿಟ್ಟೆ. ನಿಮ್ಮಪ್ಪನಿಗೆ ಮಾತ್ರ ನಗು ಬರುವುದಿಲ್ಲ. “ಮನಃಶಾಸ್ತ್ರ ಓದಿದ್ರೆ ಯಾರು ಕೆಲಸ ಕೊಡ್ತಾರೆ?” ಅಂತ ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. ರಜೆಯಲ್ಲಿ ನೀನು ಹೇಳಿಕೊಟ್ಟಿದ್ದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ. ಶಾಲೆಗಳಲ್ಲಿ ಮಕ್ಕಳ ಕಷ್ಟ ಕೇಳಬಹುದು, ಕಂಪನಿಗಳಲ್ಲೂ ತೆಗೆದುಕೊಳ್ಳುತ್ತಾರೆ, ಎಂ.ಎಸ್ಸಿ. ಆದಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇನ್ನೆರಡು ವರ್ಷ ಓದಿದರೆ ರೋಗಿಗಳನ್ನೇ ನೋಡಬಹುದು ಅಂದೆ. “ಹುಚ್ಚರ ಜೊತೆ ಇರೋದಕ್ಕೆ ಇಷ್ಟೊಂದು ಓದ್ಬೇಕಾ?” ಅಂದರು. ನನಗೆ ಮೈಯೆಲ್ಲ ಉರಿಯಿತು.

ಅಂಥವರು ಅರಕಲಗೂಡಿನಿಂದ ಈ ಸಂಬಂಧ ಬಂದಿದ್ದೇ ನಿನ್ನ ಓದನ್ನು ಹೊಗಳತೊಡಗಿದರು. ಹುಡುಗನ ಹೆಸರು ವಿಶ್ವಾಸ್. ಹಾಸನದಲ್ಲಿ ಇಂಜಿನಿಯರಿಂಗ್ ಓದಿ, ಸ್ವಲ್ಪ ದಿನ ಕೆಲಸ ಮಾಡಿ, ಬಿಟ್ಟು ಬಂದು ಜಮೀನು ನೋಡಿಕೊಳ್ಳುತ್ತಾನಂತೆ. ಅವರಿಗೆ ಒಡವೆ ಬೇಡ, ಛತ್ರದ ಖರ್ಚೂ ಅವರದೇ. ಸೈಕಾಲಜಿ ಓದುವ ಹುಡುಗಿಯೇ ಆಗಬೇಕು ಅಂತ ಹುಡುಕಿಕೊಂಡು ಬಂದಿದ್ದಾರೆ. ನಾನೂ ಮೊದಲು ಉಬ್ಬಿಹೋದೆ ಕಣೇ. ನನ್ನ ಮಗಳ ಓದಿಗೆ ಬೆಲೆ ಕೊಡುವ ಮನೆ ಅಂದುಕೊಂಡೆ.

ಗುರುವಾರ ಮನೆ ನೋಡಲು ಹೋದೆವು. ದೊಡ್ಡ ಮನೆ. ಉಪ್ಪಿಟ್ಟು, ಕೇಸರಿಬಾತು, ಉಪಚಾರಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಹುಡುಗನನ್ನು ಏನು ಕೇಳಿದರೂ ಅವನ ತಂದೆಯೇ ಉತ್ತರ ಹೇಳಿದರು. ಅವನ ಕೈ ನಡುಗುತ್ತಿತ್ತು. ತಾಯಿಯೇ ಲೋಟ ಹಿಡಿದು ಕಾಫಿ ಕುಡಿಸಿದರು. ಆಮೇಲೆ ನನ್ನ ಪಕ್ಕ ಬಂದು ಕೂತು, “ನಿಮ್ಮ ಮಗಳಿಗೆ ಕಾಲೇಜಲ್ಲಿ ಮಾತ್ರೆ ನುಂಗಿಸೋದೂ ಹೇಳ್ಕೊಡ್ತಾರಾ? ಬೇಡ ಅಂತ ಹಟ ಮಾಡೋರಿಗೆ?” ಅಂತ ಮೆಲ್ಲಗೆ ಕೇಳಿದರು. ಯಾರಿಗೆ ಅಂದೆ. “ಸುಮ್ನೆ ಕೇಳ್ದೆ” ಅಂದು ಎದ್ದುಹೋದರು.

ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲೊಂದು ಒಂಟಿ ಕೋಣೆ. ಬಾಗಿಲು ಹೊಸದು, ಚಿಲಕಗಳೆಲ್ಲ ಹೊರಗಡೆ. ಪಾತ್ರೆ ಉಜ್ಜುತ್ತಿದ್ದ ಅಣ್ಣಮ್ಮ ಅನ್ನುವ ಕೆಲಸದವಳು, “ಅತ್ಲಾಗೆ ಓಗ್ಬ್ಯಾಡಿ ಕಣವ್ವ, ನಾಯಿ ಕಟ್ಟಾಕವ್ರೆ” ಅಂದಳು. ಯಾವ ನಾಯಿಯೂ ಬೊಗಳಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಒಂದು ಮಂಚ, ಗೋಡೆಗೆ ಅವನ ಕಾಲೇಜಿನ ಫೋಟೊ.

ಹಿಂದಿನಿಂದ ಯಾರೋ “ಅಮ್ಮಾ” ಅಂದರು. ತಿರುಗಿದರೆ ವಿಶ್ವಾಸ್. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಅಷ್ಟು ಸೋತ ಮುಖ. “ನಿಮ್ಮ ಮಗಳು ಓದೋ ಕಡೆ ನಮ್ಮಂಥೋರನ್ನ ಹೊರಗೆ ಬಿಟ್ಟು ನೋಡ್ಕೋತಾರಾ, ಒಳಗೆ ಹಾಕಿ ನೋಡ್ಕೋತಾರಾ?” ಅಂತ ಕೇಳಿದ. ಯಾಕಪ್ಪ ಅಂದೆ. “ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ರು. ಊರಿಗೆಲ್ಲ ಗೊತ್ತಾಗುತ್ತೆ ಅಂತ ನಿಲ್ಲಿಸಿದ್ರು. ಈಗ ಹಳೇ ಚೀಟಿ ತೋರಿಸಿ ಮಾತ್ರೆ ತರ್ತಾರೆ. ನಿಮ್ಮ ಮಗಳು ಬಂದ್ಮೇಲೆ ಡಾಕ್ಟರೇ ಬೇಡ್ವಂತೆ. ಬರಬೇಡಿ ಅನ್ನಿ ಅವರಿಗೆ” ಅಂದ. ಅಷ್ಟರಲ್ಲಿ ಅವನ ತಂದೆ ಬಂದು, ನಗುನಗುತ್ತಲೇ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಅವರು ಹಿಡಿದ ಕಡೆ ಹುಡುಗನ ಚರ್ಮ ಬೆಳ್ಳಗಾಗಿತ್ತು.

ಬಸ್ಸಿನಲ್ಲಿ ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಟಿಕೀಟು ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ, “ನನಗೆ ಗೊತ್ತಿತ್ತು. ಅವರು ಮುಚ್ಚಿಡಲಿಲ್ಲ, ಮೊದಲೇ ಹೇಳಿದ್ರು. ಬೇರೆ ಹುಡುಗಿ ಆದ್ರೆ ಹೆದರ್ತಾಳೆ, ನಮ್ಮವಳು ಅದನ್ನೇ ಓದಿದಾಳೆ. ಆಸ್ಪತ್ರೆಯಲ್ಲಿ ಊರವರನ್ನೆಲ್ಲ ನೋಡೋ ಬದಲು ಮನೇಲಿ ಒಬ್ಬನನ್ನ ನೋಡ್ಕೋತಾಳೆ. ಕೆಲಸ ಸಿಗುತ್ತೆ ಅಂತಿದ್ದೆಯಲ್ಲ, ಸಿಕ್ತು” ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಇಂಚರ. ಖುಷಿಯಾಗಿ ಹೇಳಿದರು. ಅವರು ನಿಜವಾಗಿ ಹಾಗೇ ನಂಬಿದ್ದಾರೆ. ಅದಕ್ಕೇ ನನಗೆ ಇಷ್ಟು ಭಯ.

ನಾನು ಒಪ್ಪುವುದಿಲ್ಲ ಅಂದುಬಿಟ್ಟೆ. ಅವತ್ತಿನಿಂದ ಮನೆಯಲ್ಲಿ ಮಾತಿಲ್ಲ. ಹಾಸನದಲ್ಲಿ ಒಳ್ಳೆಯ ಡಾಕ್ಟರು ಯಾರಿದ್ದಾರೆ ಅಂತ ನಿಮ್ಮ ಮೇಷ್ಟ್ರನ್ನು ಕೇಳಿ ತಿಳಿಸು, ಆ ಹುಡುಗನ ತಾಯಿಗೆ ಹೇಗಾದರೂ ಮುಟ್ಟಿಸುತ್ತೇನೆ. ಅವನ ಮೇಲೆ ನನಗೆ ಕನಿಕರವಿದೆ. ಆದರೆ ಕನಿಕರಕ್ಕೆ ನಿನ್ನನ್ನು ಕೊಡಲಾರೆ. ನೀನು ಓದು. ನರಸಿಂಹಸ್ವಾಮಿ ನಿನ್ನನ್ನು ಕಾಯಲಿ. ಹಾಸ್ಟೆಲಿನ ಸಾರು ಸೇರದಿದ್ದರೆ ಮೊಸರನ್ನವನ್ನಾದರೂ ಹೊಟ್ಟೆ ತುಂಬಾ ಉಣ್ಣು.

ನಿನ್ನ ಅಮ್ಮ,
ಅಂಬುಜಮ್ಮ

ವಿ.ಸೂ.: ಕವರಿಗೆ ಅಂಟು ಹಚ್ಚುತ್ತಿದ್ದೆ. ನಿಮ್ಮಪ್ಪ ನಡುಮನೆಯಿಂದ ಅರಕಲಗೂಡಿಗೆ ಫೋನು ಮಾಡಿದ್ದು ಕೇಳಿಸಿತು. ಶುಕ್ರವಾರ ನಿಶ್ಚಿತಾರ್ಥ ಅಂತ ಮಾತು ಕೊಟ್ಟರು. ನಿನ್ನನ್ನು ಕರೆತರಲು ಬುಧವಾರ ಮೈಸೂರಿಗೆ ಬರುತ್ತಾರೆ. “ಅವಳಮ್ಮನಿಗೆ ಹುಷಾರಿಲ್ಲ ಅಂದ್ರೆ ಎದ್ದೂ ಬಿದ್ದೂ ಬರ್ತಾಳೆ” ಅಂದರು. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ಪಕ್ಕದ ಮನೆ ಶ್ರೀಗೌರಿ ನಾಳೆ ಬೆಳಗಿನ ಮೈಸೂರು ಬಸ್ಸಿಗೆ ಹೊರಡುತ್ತಾಳೆ, ಅವಳ ಕೈಲಿ ಕೊಡುತ್ತೇನೆ. ನನಗೇನೂ ಆಗಿಲ್ಲ, ಮಗಳೇ. ನೀನು ಬರಬೇಡ. ನಾನು ಹಾಸಿಗೆ ಹಿಡಿದಿದ್ದೇನೆ ಅಂತ ಯಾರು ಬಂದು ಹೇಳಿದರೂ ಬರಬೇಡ. ಬಾ ಅಂತ ನನ್ನ ಕೈಯಲ್ಲೇ ಬರೆಸಿ ಕಳಿಸಿದರೂ ಬರಬೇಡ.