ಕರಗಬೇಕಾದ ಬಿಲ್ಲೆಗಳು

ಆಗಸ್ಟ್ 6, ಬೆಳಿಗ್ಗೆ 6
ನಾಲ್ಕನೇ ದಿನ. ಉಪ್ಪುನೀರು 37 ಡಿಗ್ರಿ, ಮೈ ಬಿಸಿಯಷ್ಟೇ. ಮೂರೂ ಮೆಗ್ನೀಸಿಯಂ ಬಿಲ್ಲೆಗಳಿಂದ ಗುಳ್ಳೆ ಏಳುತ್ತಿದೆ, ನಿಧಾನಕ್ಕೆ. ಎಷ್ಟು ಕರಗಿತೆಂಬ ರೀಡಿಂಗ್ ಬರೆದೆ. ಗಗನಾ ಮಲಗಲಿಲ್ಲ — ಏಳು ತಿಂಗಳು, ಹಲ್ಲು ಬರ್ತಿದೆ. ನಾನೂ ಇಲ್ಲ. ಕಣ್ಣು ಮುಚ್ಚಿದರೆ ಅದೇ ಕನಸು: ಯಾವುದೋ ಮಗುವಿನ ಕಾಲಿಗೆ ಹಾಕಿದ ಇದೇ ಲೋಹದ ಸ್ಕ್ರೂ, ಮುರಿದ ಮೂಳೆ ಕೂಡಿದ ಮೇಲೆ ಕರಗಬೇಕಾದ್ದು, ಕೂಡುವ ಮೊದಲೇ ಕರಗಿಹೋದಂತೆ.

ನನ್ನ ಗೈಡ್ ಯೋಗಾನಂದ ಸರ್ ಮನೆಯಲ್ಲೇ ಮಾಡು ಅಂದಿದ್ದೇ ದೊಡ್ಡದು. ದಿನಾ ಮಗು ಎತ್ತಿಕೊಂಡು ಕಡೂರಿನಿಂದ ಶಿವಮೊಗ್ಗದ ಲ್ಯಾಬಿಗೆ ಹೋಗೋದು ಆಗದ ಮಾತು. 17ಕ್ಕೆ ಹದಿನಾಲ್ಕು ದಿನದ ರೀಡಿಂಗ್ ಕೊಡದಿದ್ದರೆ ಈ ಕೆಲಸ ಲ್ಯಾಬಿನ ಇನ್ನೊಬ್ಬ ವಿದ್ಯಾರ್ಥಿನಿ ಸ್ಫೂರ್ತಿಗೆ ಹೋಗುತ್ತೆ. ನನ್ನ ಪಿಎಚ್‌ಡಿ ಅಲ್ಲಿಗೇ...

ಆಗಸ್ಟ್ 7
ಒಂದು ಗಂಟೆ ಕರೆಂಟಿಲ್ಲ. ಉಪ್ಪುನೀರು ತಣ್ಣಗಾಗದಿರಲೆಂದು ಅದರ ಡಬ್ಬಿಗೆ ಕಂಬಳಿ ಸುತ್ತಿದೆ. ಅಜ್ಜಂಪುರದಿಂದ ಅತ್ತೆ ಬಂದರು. ನೋಡಿ ನಗು. “ಕೋಳಿ ಕಾವಿಗೆ ಕೂರ್ಸಿದ್ದೀಯೇನವ್ವ?” ಕಾಲೇಜಿಂದು ಅಂದೆ, ಅಷ್ಟೇ. ಬಿಡಿಸಿ ಹೇಳಲು ತ್ರಾಣವಿರಲಿಲ್ಲ.

ಆಗಸ್ಟ್ 11, ಸಂಜೆ
ಮಧ್ಯಾಹ್ನ ಅತ್ತೆ ಮಗುವನ್ನು ಎತ್ತಿಕೊಂಡು ನನ್ನನ್ನು ಮಲಗಲು ಅಟ್ಟಿದರು. ಮೂರು ಗಂಟೆ ನಿದ್ದೆ. ಹೆತ್ತಮೇಲೆ ಇದೇ ಮೊದಲು. ಎದ್ದು ಬಂದರೆ — ನಾಳೆ ಶ್ರಾವಣ ಸೋಮವಾರವೆಂದು ಪೂಜೆ ಸಾಮಾನು ಬೆಳಗಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದಾರೆ. ದೀಪ, ಗಂಟೆ, ತಂಬಿಗೆ. ಕೊನೆಯಲ್ಲಿ ಮೂರು ಬಿಲ್ಲೆ. ಫಳಫಳ.

“ಮಂಕು ಹಿಡ್ದಿದ್ವು ಕಣವ್ವ. ಹುಣಸೇಹಣ್ಣು ಹಾಕಿ ತಿಕ್ದೆ. ಏನ್ ನೊರೆ ಬಂತು, ಎಷ್ಟ್ ಕೊಳೆ ಇತ್ತು ನೋಡು.”

ಕೊಳೆಯಲ್ಲ. ಹುಳಿಗೆ ಲೋಹವೇ ಕರಗಿದೆ, ಇನ್ನು ಮುಂದಿನ ರೀಡಿಂಗ್ ಇಲ್ಲ. ಮುಖ ಯಾಕೆ ಹಾಗಾಯಿತು ಎಂದು ಕೇಳಿದರು. ನಿದ್ದೆಗಣ್ಣು ಅಂದೆ.

ಆಗಸ್ಟ್ 12
ನನ್ನ ಗಂಡ ಸತೀಶ್ ಪ್ರಕಾರ ಇದು ದೊಡ್ಡ ವಿಷಯವೇ ಅಲ್ಲ. ಇಷ್ಟು ದಿನ ಗ್ರಾಫ್ ನೆಟ್ಟಗೆ ಹೋಗಿದೆ, ಉಳಿದ ಐದು ದಿನದ ಚುಕ್ಕಿ ನೀನೇ ಇಡು, ಯಾರು ಬಂದು ನೋಡ್ತಾರೆ. ಯಾರೂ ನೋಡಲ್ಲ, ನಿಜ. ಪೆನ್ಸಿಲಿನಲ್ಲಿ ಇಟ್ಟೂ ನೋಡಿದೆ. ಚೆನ್ನಾಗಿ ಕೂತವು. ನಾನೇ ನಂಬುವಷ್ಟು ಚೆನ್ನಾಗಿ.

ಗಗನಾಳ ಕಾಲು ನೀವುತ್ತಾ ಕೂತೆ. ಎಷ್ಟು ಸಣ್ಣ ಮೂಳೆ...

ಅಳಿಸಿದೆ.

ಆಗಸ್ಟ್ 14
ಅತ್ತೆಗೆ ಹೇಳಿದೆ. ಏನೆಂದು ತಿಳಿಸದೆ ಇಟ್ಟಿದ್ದು ನನ್ನದೇ ತಪ್ಪು ಎಂದೂ ಹೇಳಿದೆ. ಮಗುವನ್ನು ತೊಡೆಗೆ ಎಳೆದುಕೊಂಡರು. ಆಮೇಲೆ, “ಮೂಳೆ ಒಳಗೆ ಹಾಕೋದಾ ಅದು? ಮತ್ತೆ ಹುಳಿ ತಿನ್ನೋರ ಗತಿ ಏನವ್ವ?”

ತಿಂದ ಹುಳಿ ಮೂಳೆಗೆ ಹೋಗಲ್ಲ ಅಂದೆ, ನಗು ಬಂತು. ಪಾತ್ರೆ ತೊಳೆಯುವಾಗ ತಟ್ಟನೆ ಹೊಳೆಯಿತು — ಹೊಸದಾಗಿ ಮುರಿದ ಜಾಗದ ರಕ್ತ ಸ್ವಲ್ಪ ಹುಳಿಯಾಗೇ ಇರುತ್ತೆ. ಓದಿದ್ದೇನೆ. ನನ್ನ ಉಪ್ಪುನೀರಿನಲ್ಲಿ ಆ ಹುಳಿ ಇಲ್ಲವೇ ಇಲ್ಲ; ಅಲ್ಲಿ ಸ್ಕ್ರೂ ಇನ್ನೂ ಬೇಗ ಕರಗಬಹುದು.

ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ, ಹುಣಸೇಹಣ್ಣೂ. ಬೈದರು. ಅತ್ತೆಯ ಪ್ರಶ್ನೆ ಹೇಳಿದಾಗ ಮಾತ್ರ ಬೈಯಲಿಲ್ಲ. ಇದ್ದಷ್ಟೇ ರೀಡಿಂಗ್ ತಗೊಂಡು ಬಾ ಅಂದರು.

ಆಗಸ್ಟ್ 17, ವಾಪಸ್ ರೈಲಿನಲ್ಲಿ
ಕೆಲಸ ಸ್ಫೂರ್ತಿಗೇ ಹೋಯಿತು. ಬಾತ್‌ರೂಮಿಗೆ ಹೋಗಿ ಒಂದಿಷ್ಟು ಅತ್ತುಬಿಟ್ಟೆ. ಆದರೆ ಸರ್ ಉಳಿದಿದ್ದ ಮೆಗ್ನೀಸಿಯಂ ಸರಳಿನ ತುಂಡಿನಿಂದ ಎರಡು ಬಿಲ್ಲೆ ಕತ್ತರಿಸಿಕೊಟ್ಟರು — ಹುಳಿ ಬೆರೆಸಿ ನೋಡು, ಮೊದಲಿಂದ ಶುರು ಮಾಡು, ಒಂದು ವರ್ಷ ತಡವಾಗುತ್ತೆ. ತಡವಾಗಲಿ.

ಮಗು ನೋಡಿಕೊಳ್ಳಲು ಜೊತೆಗೆ ಬಂದ ಅತ್ತೆ ಆ ಬಿಲ್ಲೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಾರೆ, ನನ್ನ ಕೈಗೂ ಕೊಡಲ್ಲ. ತರೀಕೆರೆ ದಾಟಿತು. ಗಗನಾ ಅವರ ತೊಡೆಯ ಮೇಲೆ ಮಲಗಿದಳು. ನಾನೂ ಒಂಚೂರು —