ಕತ್ತರಿಸಿದ ಮೂರನೆಯ ಪಿನ್

ಧಾರೇಶ್ವರ, ಗುರುವಾರ

ಬೀರಪ್ಪ ಮಾವನಿಗೆ,

ಪ್ರವಾಸಿಗರು ತಂಗುವ ಕ್ಯಾರವಾನ್ ಮನೆಗಾಡಿಯ ಪ್ಲಗ್ಗಿನಿಂದ ನೀವು ಮೂರನೆಯ ಪಿನ್, ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಿನ್, ಕತ್ತರಿಸಿದ್ದು ತಪ್ಪು. ನಿನ್ನೆ ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ಗಾಡಿ ತೊಳೆಯುತ್ತಿದ್ದ ಅವ್ವಿಗೆ ಕರೆಂಟ್ ಹೊಡೆಯಿತು. ಈಗ ಎದ್ದು ಕೂತಿದ್ದಾಳೆ. ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಾಳೆ. "ಅಣ್ಣಂಗೆ ಎಂತದೂ ಬೈಬೇಡ, ಊಟ ಬಿಟ್ಟು ಕೂತ್ಕಂತ" ಎನ್ನುತ್ತಾಳೆ.

"ಸಾಕೆಟ್ಟಿಗೆ ಎರಡೇ ತೂತು, ಎಂತ ಮಾಡೂದು?" ಎಂದು ನೀವು ಕೇಳಿದಾಗ ಟಾರ್ಚ್ ಹಿಡಿದವಳು ನಾನೇ. ಕೆಲಸಗಾರರ ಸುರಕ್ಷತೆಯ ಕರಪತ್ರ ಊರಿಗೆಲ್ಲ ಹಂಚಿದವಳೂ ನಾನೇ. ಆದರೂ ನಿಮ್ಮನ್ನು ತಡೆಯಲಿಲ್ಲ.

ಟೆಸ್ಟರ್ ಇಟ್ಟು ನೋಡಿದೆ, ಬಾಗಿಲ ಹಿಡಿಯಲ್ಲೇ ದೀಪ ಉರಿಯಿತು. ಒಳಗೆಲ್ಲೋ ವೈರ್ ಸುಲಿದಿದೆ. ಅದು ಸರಿಯಾಗುವವರೆಗೆ ಯಾರೂ ಹಾಕಬಾರದೆಂದು ಪ್ಲಗ್ ಕಿತ್ತಿಟ್ಟಿದ್ದೇನೆ. ಅರ್ಥಿಂಗ್ ಹೊಂಡ ನಾನು ತೋಡುತ್ತೇನೆ. ತಾಮ್ರದ ಪಟ್ಟಿ, ಇದ್ದಿಲು, ಉಪ್ಪು, ಮೂರು ತೂತಿನ ಸಾಕೆಟ್, ಮೂರು ಪಿನ್ನಿನ ಹೊಸ ಪ್ಲಗ್ ನೀವು ತನ್ನಿ. ಫೋನ್ ಬಂದ್ ಮಾಡಿ ಕೂರಬೇಡಿ. ಅವ್ವಿ ನಿಮಗೂ ಗಂಜಿ ಇಡುತ್ತಾಳೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ.

ನಿಮ್ಮ ಸೊಸೆ,
ಸುಪ್ರಿಯಾ