ಹತ್ತು ಗಂಟಿನ ಹಗ್ಗ

ಅಣ್ಣಾ,

ಇವತ್ತು ಗಂಗಾವತಿ ಕಡೆಯ ಕಾಲುವೆಗೆ ನೀರು ಬಿಟ್ಟರು. ಹುಟ್ಟು ಹಾಕುವುದನ್ನು ಕಲಿಯಲೇಬೇಕೆಂದು ನನ್ನ ಮಗಳು ದ್ರಾಕ್ಷಾಯಿಣಿ ಹಟ ಹಿಡಿದಿದ್ದಳು. ಅದಕ್ಕೇ ನಿನ್ನ ಹರಿಗೋಲಿಗೆ ಡಾಂಬರು ಬಳಿದು ಇಳಿಸಿದೆ. ನೀನು ಹೋದಮೇಲೆ ಅದನ್ನು ಮುಟ್ಟಿದ್ದು ಇದೇ ಮೊದಲು.

ಲಾಕ್‌ಡೌನಿನಲ್ಲಿ ನೀನು ಮಲ್ಪೆಯಿಂದ ಬಂದಾಗ ಊರವರು ಒಳಗೆ ಬಿಡಲಿಲ್ಲ. ಹದಿನಾಲ್ಕು ದಿನ ಹರಿಗೋಲಿನಲ್ಲೇ ಇರುತ್ತೇನೆಂದು ನೀನೇ ಹೇಳಿದೆ. ಅದನ್ನು ಕಾಲುವೆ ದಂಡೆಯ ಬೇವಿನ ಮರಕ್ಕೆ ಕಟ್ಟಿದವನು ನಾನು. ಮನೆಯಲ್ಲಿದ್ದ ಹಗ್ಗಗಳಲ್ಲಿ ಎಲ್ಲಕ್ಕಿಂತ ಉದ್ದದ್ದನ್ನೇ ಆರಿಸಿದ್ದೆ. ದಿನವೂ ಮರದ ಬುಡದಲ್ಲಿ ಬುತ್ತಿ ಇಟ್ಟು ಹಿಂದೆ ಸರಿಯುತ್ತಿದ್ದೆ.

"ತಮ್ಮಾ, ಒಂದ್ ಗಳಿಗಿ ಕುಂತು ಮಾತಾಡಿ ಹೋಗೋ" ಎಂದು ನೀನು ಕೂಗುತ್ತಿದ್ದೆ.

"ಯಾರರ ನೋಡಿದ್ರ ನನ್ನೂ ಊರಾಗ ಬಿಡಂಗಿಲ್ಲ" ಎನ್ನುತ್ತಿದ್ದೆ ನಾನು.

ನೀನು ದಿನದಿನಕ್ಕೆ ಹತ್ತಿರ ಬಂದಂತೆ ಕಾಣುತ್ತಿತ್ತು. ಹೆದರಿಕೆಗೆ ಹಾಗೆ ಕಾಣುತ್ತಿದೆ ಎಂದುಕೊಂಡು ನಾನು ಇನ್ನಷ್ಟು ದೂರ ನಿಲ್ಲುತ್ತಿದ್ದೆ. ಹನ್ನೊಂದನೆಯ ದಿನ ಜ್ವರ ಬಂದ ನಿನ್ನನ್ನು ಕೊಪ್ಪಳಕ್ಕೆ ಕರೆದೊಯ್ದರು. ನೀನು ತಿರುಗಿ ಬರಲಿಲ್ಲ.

ಆ ಹಗ್ಗವನ್ನು ಇವತ್ತು ಬಿಚ್ಚಿ ಹರವಿದೆ. ನಾನು ಕೊಟ್ಟಾಗ ಅದರಲ್ಲಿ ಒಂದೂ ಗಂಟಿರಲಿಲ್ಲ. ಈಗ ನಿನ್ನ ಕಡೆಯ ತುದಿಯಲ್ಲಿ ಸಾಲಾಗಿ ಹತ್ತು ಗಂಟುಗಳಿದ್ದವು. ಒಂದೊಂದು ಗಂಟಿಗೂ ಹಗ್ಗ ಒಂದೊಂದು ಮೊಳ ಮೋಟಾಗಿತ್ತು.

"ಅಪ್ಪಾ, ಇವನ್ನ ಬಿಚ್ಚಿದ್ರ ಹಗ್ಗ ಉದ್ದ ಆಗ್ತೈತಿ" ಎಂದಳು ಮಗಳು.

"ಬ್ಯಾಡವ್ವಾ, ಹಂಗ ಇರಲಿ" ಎಂದೆ.

ಗಂಟುಗಳಿದ್ದ ಅದೇ ಹಗ್ಗದಿಂದ ಹರಿಗೋಲನ್ನು ಬೇವಿನ ಮರಕ್ಕೆ ಕಟ್ಟಿ, ಸಂಜೆಯವರೆಗೂ ದಂಡೆಯ ಮೇಲೆ ಕುಳಿತಿದ್ದೆ.

ನಿನ್ನ ತಮ್ಮ,
ಹನಮೇಶ